ಹದಿನೆಂಟು ನಿಮಿಷದಲ್ಲಿ ಮಾಯವಾಗುವ ಕೇರಿ

ಕಾಂತರಾಜನಿಗೆ ತನ್ನ ಬಗ್ಗೆ ಒಂದೇ ಒಂದು ಹೆಮ್ಮೆಯಿತ್ತು. ತನ್ನಷ್ಟು ಚೆನ್ನಾಗಿ ಸರ್ಕಾರಿ ಕನ್ನಡ ಟೈಪು ಮಾಡುವವನು ಇಡೀ ವಿದ್ಯಾನಗರದಲ್ಲಿ ಇಲ್ಲ ಎಂದು. ಶಾಸಕ ಗಂಗಾಧರಪ್ಪನವರ ಕಚೇರಿಗೆ ಹೊರಗುತ್ತಿಗೆ ಕಂಪ್ಯೂಟರ್ ಆಪರೇಟರ್ ಆಗಿ ಸೇರಿ ಒಂದೂವರೆ ವರ್ಷವಾಗಿತ್ತು. ಅಷ್ಟರಲ್ಲಿ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುವಾಗದ ವಾಕ್ಯ ಅವನ ಬೆರಳಿನಿಂದ ಇಳಿಯುವುದೇ ನಿಂತುಹೋಗಿತ್ತು. ಗೆಳೆಯನ ಹುಟ್ಟುಹಬ್ಬಕ್ಕೂ ‘ಈ ಮೂಲಕ ಶುಭ ಕೋರಲಾಗಿದೆ’ ಎಂದು ಕಳಿಸಿ ಬೈಸಿಕೊಂಡಿದ್ದ. ಆ ಹೆಮ್ಮೆ ಒಂದು ಮಂಗಳವಾರ ಬೆಳಿಗ್ಗೆ ಇಪ್ಪತ್ತೊಂಬತ್ತು ಮನೆಗಳನ್ನು ನುಂಗಿ ನೀರು ಕುಡಿಯುವುದರಲ್ಲಿತ್ತು. ಅದರಲ್ಲೊಂದು ಅವನದೇ ಮನೆ.

ಮಲವಗೊಪ್ಪ ದಾಟಿ ಭದ್ರಾವತಿ ಕಡೆ ಹೋಗುವಾಗ ಎಡಕ್ಕೆ ಒಂದು ಮಣ್ಣು ರಸ್ತೆ ಒಳಗೆ ಹೋಗುತ್ತದೆ. ಅದರ ಕೊನೆಗೆ ಹಳೆಯ ರಬ್ಬರ್ ತೋಟ. ಸರ್ಕಾರದ ಜಾಗ, ಕಂಪನಿಯೊಂದು ಗುತ್ತಿಗೆ ಹಿಡಿದು ಮರ ಬೆಳೆಸಿತ್ತು. ಗುತ್ತಿಗೆ ಮುಗಿದು ನಾಲ್ಕು ವರ್ಷ. ಕಂಪನಿ ಹೋಯಿತು, ಮರ ಉಳಿಯಿತು, ಮರದ ಹಾಲು ಕೊಯ್ಯುವ ಜನವೂ ಉಳಿದರು. ತೋಟದ ನಡುವೆ ತಗಡಿನ ಮೂರು ಉದ್ದನೆಯ ಶೆಡ್ಡುಗಳು. ಹೆಸರಿಗೆ ಅವು ರಬ್ಬರ್ ಶೀಟು ಒಣಗಿಸುವ ಶೆಡ್ಡು. ಒಳಗೆ ಬಿದಿರ ತಟ್ಟಿ, ಹಳೇ ಸೀರೆ ಕಟ್ಟಿ ಮಾಡಿಕೊಂಡ ಇಪ್ಪತ್ತೊಂಬತ್ತು ಸಂಸಾರ. ಹೊನ್ನಾಳಿ ಕಡೆಯವರು, ತಮಿಳರು, ಎರಡು ತೆಲುಗು ಮನೆ. ಎಲ್ಲರೂ ಸೇರಿ ಅದಕ್ಕೆ ‘ಲೈನು’ ಎನ್ನುತ್ತಿದ್ದರು.

ಲೈನಿಗೆ ವಿಳಾಸ ಇರಲಿಲ್ಲ. ವಿಳಾಸ ಇಲ್ಲದಿದ್ದರೆ ರೇಷನ್ ಕಾರ್ಡಿಲ್ಲ, ವೋಟಿಲ್ಲ. ಅದಕ್ಕೆ ಮಲವಗೊಪ್ಪದ ಹಿಟ್ಟಿನ ಗಿರಣಿ ಉಜ್ಜನಪ್ಪ ‘ನನ್ನದೇ ಹಾಕ್ಕೊಳ್ಳಿ ಮಾರಾಯ್ರೇ, ನಂಗೇನು ಭಾರ’ ಎಂದಿದ್ದ. ಹಾಗಾಗಿ ಕಾಗದದ ಪ್ರಕಾರ ನೂರಾ ಹನ್ನೊಂದು ಜನ ಒಂದೇ ಗಿರಣಿಯಲ್ಲಿ ವಾಸ. ವೋಟರ್ ಲಿಸ್ಟಿನಲ್ಲಿ ಇದನ್ನು ನೋಡಿದ ಗಂಗಾಧರಪ್ಪನವರು ಬೋಗಸ್ ವೋಟು ಹಿಡಿಯಲೆಂದೇ ಒಂದು ದಿನ ಗಿರಣಿಗೆ ನುಗ್ಗಿದರು. ಜೋಳದ ಹಿಟ್ಟಿನಲ್ಲಿ ಮುಳುಗಿದ್ದ ಉಜ್ಜನಪ್ಪ ‘ವೋಟರ್‍ಗಳು ಬೇಕಾ ಸಾರ್? ಬನ್ನಿ ತೋರಿಸ್ತೀನಿ’ ಎಂದು ಸ್ಕೂಟರ್ ಹತ್ತಿಸಿಕೊಂಡು ತೋಟಕ್ಕೆ ಕರೆತಂದ.

ಹಿಡಿಯಲು ಬಂದವರು ತಾವೇ ಸಿಕ್ಕಿಬಿದ್ದರು. ಆವತ್ತು ದ್ಯಾಮಮ್ಮನ ಒಲೆಯ ಮುಂದೆ ಕೂತು ರೊಟ್ಟಿ ತಿಂದು, ಅವಳ ಮಗ ಕಾಂತರಾಜ ಬರೆದ ಹೆಸರುಗಳ ಪಟ್ಟಿ ಜೇಬಿಗಿಳಿಸಿಕೊಂಡು ಹೋದರು. ಆಮೇಲೆ ಅವರಿಗೆ ಅದೇ ಧ್ಯಾನ. ಲೈನಿಗೆ ಕುಡಿಯುವ ನೀರಿನ ಟ್ಯಾಂಕು ಬಂತು. ತಿಂಗಳಿಗೊಂದು ಸಲ ಡಾಕ್ಟರ ವ್ಯಾನು ಬಂತು. ಕಾಂತರಾಜನಿಗೆ ಅವರದೇ ಕಚೇರಿಯಲ್ಲಿ ಕುರ್ಚಿ ಬಂತು. ಬರದೇ ಉಳಿದದ್ದು ಹಕ್ಕುಪತ್ರ ಒಂದೇ. ಅದಕ್ಕೆಂದು ಗಂಗಾಧರಪ್ಪನವರು ಸದನದಲ್ಲಿ ಪ್ರಶ್ನೆ ಹಾಕಿದರು. ಉತ್ತರ ಎರಡು ಸಾಲಿನದು: ‘ಸದರಿ ಸರ್ವೆ ನಂಬರಿನಲ್ಲಿ ವಾಸದ ಮನೆಗಳು ಇರುವುದಿಲ್ಲ. ಪ್ರಶ್ನೆ ಉದ್ಭವಿಸುವುದಿಲ್ಲ.’

‘ಉದ್ಭವಿಸಲ್ವಂತೆ!’ ಎಂದು ಶಾಸಕರು ಕಾಗದವನ್ನು ಮೇಜಿಗೆ ಬಡಿದರು. ‘ನಾನು ಆ ಮನೇಲಿ ಎರಡು ರೊಟ್ಟಿ ತಿಂದಿದೀನಿ ಕಾಂತ. ಅದು ನನ್ನ ಹೊಟ್ಟೇಲಿ ಉದ್ಭವಿಸಿತ್ತಲ್ಲಪ್ಪ!’

ಉತ್ತರ ಬರೆದವರದೂ ತಪ್ಪಿರಲಿಲ್ಲ. ತಪ್ಪೆಲ್ಲ ದ್ಯಾಮಮ್ಮನದು. ಅಥವಾ ಅವಳ ಜಾಣತನದ್ದು.

ತೋಟದಲ್ಲಿ ಯಾರೂ ವಾಸ ಇರಕೂಡದು ಎನ್ನುವುದು ಗುತ್ತಿಗೆಯ ಷರತ್ತು. ಹಾಗಾಗಿ ತಾಲ್ಲೂಕಿನಿಂದ ತಪಾಸಣೆಗೆ ಬರುವ ಸುದ್ದಿ ಸಿಕ್ಕರೆ ಕಂಪನಿಯ ಮೇಸ್ತ್ರಿ ಓಡಿ ಬರುತ್ತಿದ್ದ. ‘ಮನೆ ಕಂಡ್ರೆ ಗುತ್ತಿಗೆ ಹೋಗುತ್ತೆ, ಗುತ್ತಿಗೆ ಹೋದ್ರೆ ನಿಮ್ಮ ಕೂಲಿ ಹೋಗುತ್ತೆ, ನೋಡ್ಕೊಳ್ಳಿ’ ಎನ್ನುತ್ತಿದ್ದ. ಹದಿನೇಳು ವರ್ಷಕ್ಕೆ ಮದುವೆಯಾಗಿ ಬಂದ ದ್ಯಾಮಮ್ಮ ಮೊದಲ ಸಲ ಗಾಬರಿಯಲ್ಲಿ ತವರಿನ ತಾಮ್ರದ ಹಂಡೆಯನ್ನು ಹಳ್ಳಕ್ಕೆ ಎಸೆದಿದ್ದಳು. ಎರಡನೇ ಸಲ ಒಂದು ಕ್ರಮ ಹುಡುಕಿದಳು. ಮೂರನೇ ಸಲದಿಂದ ಲೈನಿಗೆ ಅವಳೇ ದಂಡನಾಯಕಿ. ಕಂಪನಿ ಹೋದ ಮೇಲೂ ಒಕ್ಕಲೆಬ್ಬಿಸುವ ಭಯ ಹೋಗಲಿಲ್ಲ, ಬಚ್ಚಿಡುವುದೂ ನಿಲ್ಲಲಿಲ್ಲ.

ಗೇಟಿನ ಹತ್ತಿರ ಜೀಪು ಕಂಡರೆ ಖಾಲಿ ಡ್ರಮ್ಮಿಗೆ ಮೂರು ಏಟು. ತಟ್ಟಿಗಳು ಸುರುಳಿಯಾಗಿ ತೊಲೆಯ ಮೇಲೆ. ಪಾತ್ರೆಗಳು ಡ್ರಮ್ಮಿನೊಳಗೆ. ಬಟ್ಟೆಗಳು ಗೊಬ್ಬರದ ಚೀಲದೊಳಗೆ. ಮಂಚದ ಕಾಲು ಕಿತ್ತು ಹಲಗೆ ಗೋಡೆಗೆ. ಮಕ್ಕಳು, ಕೋಳಿಗಳು ಹಳ್ಳದ ದಂಡೆಯ ಪೊದೆಗೆ. ಒಲೆಯನ್ನು ಕುಟ್ಟಿ ಸಮ ಮಾಡಿ ಮೇಲೆ ಕೆಮ್ಮಣ್ಣು ಬಳಿದು, ಅದರ ಮೇಲೊಂದು ಡ್ರಮ್ಮು. ಕೊನೆಗೆ, ತೋರಿಕೆಗೆಂದೇ ಇಟ್ಟುಕೊಂಡಿದ್ದ ಹಳೆಯ ರಬ್ಬರ್ ಶೀಟುಗಳು ಸಾಲಾಗಿ ತೂಗಿ ಬಿದ್ದರೆ ಆಯಿತು. ಊರು ಹೋಗಿ ಶೆಡ್ಡು ಬಂತು! ಗೇಟಿನಿಂದ ಶೆಡ್ಡಿಗೆ ಹಳ್ಳ ದಾಟಿ ನಡೆದು ಬರಲು ಇಪ್ಪತ್ತು ನಿಮಿಷ. ದ್ಯಾಮಮ್ಮ ಹದಿನೆಂಟರಲ್ಲಿ ಮುಗಿಸುತ್ತಿದ್ದಳು.

ಒಂದು ಸಲ ಆರು ತಿಂಗಳ ಕಾಂತರಾಜನನ್ನು ತೊಟ್ಟಿಲಲ್ಲೇ ಮರೆತು, ಅಧಿಕಾರಿ ಬಾಗಿಲಿಗೆ ಬಂದಾಗ ನೆನಪಾಗಿ, ಆಚೆ ಈಚೆ ಎರಡು ಶೀಟು ಇಳಿಬಿಟ್ಟು ನಿಂತಿದ್ದಳಂತೆ. ಅಧಿಕಾರಿ ಪಕ್ಕದಲ್ಲೇ ಸುಳಿದು ಹೋದರೂ ಕೂಸು ಪಿಟ್ಟೆನ್ನಲಿಲ್ಲ. ‘ನೀನು ಹೇಳಿದ ಹಾಗೆ ಕೇಳಿದ್ದು ಅದೊಂದೇ ಸಲ’ ಎಂದು ಅವಳು ಈಗಲೂ ಚುಚ್ಚುವುದುಂಟು. ಕಾಂತರಾಜನಿಗೂ ಅನುಮಾನವಿಲ್ಲ: ತನ್ನ ಜೀವನದ ಅತ್ಯುತ್ತಮ ಕೆಲಸ ಮುಗಿದದ್ದು ಆರು ತಿಂಗಳಿಗೇ.

ಸದನದ ಉತ್ತರ ಬಂದ ಮೇಲೆ ಗಂಗಾಧರಪ್ಪನವರು ಬಿಡಲಿಲ್ಲ. ಮತ್ತೆ ಎದ್ದು ನಿಂತರು, ಸಭಾಧ್ಯಕ್ಷರ ಮುಂದೆ ಹೋದರು, ಗಂಟಲು ಕಟ್ಟಿಸಿಕೊಂಡರು. ಕೊನೆಗೆ ಮಂತ್ರಿಗಳು ಜಂಟಿ ಸರ್ವೆಗೆ ಒಪ್ಪಿದರು. ತಹಸೀಲ್ದಾರರು ಸ್ಥಳಕ್ಕೆ ಬಂದು ನೋಡಿ ‘ಮನೆ ಇದೆ’ ಎಂದು ಬರೆದರೆ ಹಕ್ಕುಪತ್ರದ ಕಡತ ಮುಂದಕ್ಕೆ. ‘ಇಲ್ಲ’ ಎಂದು ಬರೆದರೆ ಜಾಗ ಸರ್ಕಾರಿ ಗೋದಾಮು ಕಟ್ಟಲು ಹೋಗುತ್ತದೆ, ಶೆಡ್ಡಿಗೆ ಜೆಸಿಬಿ ಬರುತ್ತದೆ. ದಿನ ಗುರುವಾರ ಎಂದು ಗೊತ್ತಾಯಿತು. ಲೈನಿನಲ್ಲಿ ಸುಣ್ಣ ಬಳಿಯುವ ಮಾತೂ ನಡೆಯಿತು.

ಸೋಮವಾರ ಸಂಜೆ ಪತ್ರ ಬಂತು. ತಹಸೀಲ್ದಾರರಿಗೆ ಗುರುವಾರ ತರಬೇತಿ ಇದೆಯಂತೆ. ಸರ್ವೆ ಮಂಗಳವಾರ, ನಾಳೆಯೇ, ಹನ್ನೊಂದು ಗಂಟೆಗೆ.

ಅವ್ವನಿಗೆ ಒಂದು ಫೋನು ಮಾಡಿದ್ದರೆ ಮುಗಿದುಹೋಗುತ್ತಿತ್ತು. ಕಾಂತರಾಜ ಮಾಡಲಿಲ್ಲ. ಇದು ಇತಿಹಾಸದ ಕ್ಷಣ, ಇದಕ್ಕೆ ತಕ್ಕ ಭಾಷೆ ಬೇಡವೇ? ಲೈನಿನ ವಾಟ್ಸಾಪ್ ಗ್ರೂಪಿಗೆ ಹದಿನಾಲ್ಕು ಸಾಲು ಬರೆದ: ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ದಿನಾಂಕ ನಿಗದಿಪಡಿಸಲಾಗಿದ್ದ ಜಂಟಿ ಸ್ಥಳ ಪರಿಶೀಲನೆಯನ್ನು ಅನಿವಾರ್ಯ ಕಾರಣಗಳಿಂದಾಗಿ ಪೂರ್ವಭಾವಿಯಾಗಿ...’ ಮಂಗಳವಾರ ಎಂಬ ಮಾತು ಹನ್ನೊಂದನೇ ಸಾಲಿನಲ್ಲಿತ್ತು. ಎರಡು ನಿಮಿಷದಲ್ಲಿ ಕೈಮುಗಿದ ಚಿತ್ರವೊಂದು ಉತ್ತರವಾಗಿ ಬಂತು. ಎಲ್ಲರಿಗೂ ತಲುಪಿತು ಎಂದುಕೊಂಡು ಅವನು ನೆಮ್ಮದಿಯಾಗಿ ಗೆಳೆಯನ ರೂಮಿನಲ್ಲೇ ಮಲಗಿದ. ಕೈಮುಗಿದವನು ಗಿರಣಿ ಉಜ್ಜನಪ್ಪ. ಯಾರಾದರೂ ಸತ್ತ ಸುದ್ದಿಗೂ, ಎಮ್ಮೆ ಮಾರಾಟಕ್ಕಿದೆ ಎಂಬುದಕ್ಕೂ ಅವನ ಉತ್ತರ ಅದೊಂದೇ.

ಮಂಗಳವಾರ ಗೇಟಿನ ಮುಂದೆ ಎರಡು ಜೀಪು, ಶಾಸಕರ ಕಾರು ಬಂದು ನಿಂತವು. ತಹಸೀಲ್ದಾರರು ಇಳಿದರು. ಉದ್ದನೆಯ ಟೇಪು, ನಕ್ಷೆ ಹಿಡಿದು ಸರ್ವೇಯರ್ ಶೀತಲ್ ಇಳಿದಳು. ಕಾಂತರಾಜ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಇಳಿದ. ಆಗ ಕೇಳಿಸಿತು.

ಧಡ್. ಧಡ್. ಧಡ್.

ಲೈನಿನ ಡ್ರಮ್ಮು. ನಾಚಿಕೆಗೇಡೆಂದರೆ ಅವನ ಕಾಲುಗಳು ತಾವಾಗಿಯೇ ಹಳ್ಳದ ಕಡೆ ಎರಡು ಹೆಜ್ಜೆ ಹಾಕಿದ್ದವು!

‘ಏನದು ಸದ್ದು?’ ಎಂದರು ತಹಸೀಲ್ದಾರರು.

‘ಸ್ವಾಗತ ಸಾರ್’ ಎಂದ ಕಾಂತರಾಜ. ಫೋನು ತೆಗೆದ. ಸಿಗ್ನಲ್ ಇಲ್ಲ. ಮುಂದೆ ಓಡಿ ತಿಳಿಸೋಣವೆಂದರೆ, ಮಂಡಿನೋವಿನ ಗಂಗಾಧರಪ್ಪನವರು ಹಳ್ಳ ದಾಟಲು ಅವನ ಹೆಗಲನ್ನೇ ಹಿಡಿದಿದ್ದರು. ‘ನಿಧಾನ ಮಾರಾಯ, ಎಲ್ಲಿ ಓಡಿಹೋಗುತ್ತೆ ಊರು?’ ಎಂದರು. ಕಾಂತರಾಜನಿಗೆ ಗೊತ್ತಿತ್ತು, ಅದು ಆಗಲೇ ಅರ್ಧ ಓಡಿಹೋಗಿದೆ ಎಂದು.

ಅವರು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮೂರು ಶೆಡ್ಡು, ಒಳಗೆ ಸಾಲು ಸಾಲು ರಬ್ಬರ್ ಶೀಟು, ಮೂಲೆಮೂಲೆಯಲ್ಲಿ ಡ್ರಮ್ಮು. ಒಂದು ಚಮಚ ಇಲ್ಲ, ಒಂದು ಕೂದಲೆಳೆ ಇಲ್ಲ. ಕಾಂತರಾಜ ತನ್ನ ಮನೆ ಇದ್ದ ಜಾಗವನ್ನು ತಾನೇ ಹುಡುಕಿದ, ಸಿಗಲಿಲ್ಲ. ಅಷ್ಟು ಅಂದವಾದ ಕೆಲಸ! ಬೇರೆ ದಿನವಾಗಿದ್ದರೆ ಚಪ್ಪಾಳೆ ಹೊಡೆಯುತ್ತಿದ್ದ.

‘ಸಾರ್, ಇದು ಒಣಗಿಸೋ ಶೆಡ್ಡೇ’ ಎಂದರು ತಹಸೀಲ್ದಾರರು, ಬೇಸರದಲ್ಲೇ. ‘ನಾನಾದ್ರೂ ಏನಂತ ಬರೀಲಿ?’

ಸದನದಲ್ಲಿ ನಿಂತು ‘ನಾನು ಕಣ್ಣಾರೆ ನೋಡಿದ್ದೇನೆ’ ಎಂದು ಗುಡುಗಿದ ಗಂಗಾಧರಪ್ಪನವರು ತೂಗುವ ಶೀಟುಗಳನ್ನು ಬೆಪ್ಪಾಗಿ ನೋಡುತ್ತ ನಿಂತಿದ್ದರು. ಶೀತಲ್ ಪೆನ್ನಿನ ಮುಚ್ಚಳ ತೆಗೆದಳು.

ಕಾಂತರಾಜ ಹೊರಗೆ ಓಡಿದ. ಮರಗಳ ನಡುವೆ ಹೆಂಗಸರೂ ಗಂಡಸರೂ ಚಾಕು ಹಿಡಿದು ಹಾಲು ಕೊಯ್ಯುತ್ತಿದ್ದರು. ಬೆಳಗಿನ ಜಾವ ಮಾಡುವ ಕೆಲಸ ಅದು. ಬಿಸಿಲೇರಿದ ಮೇಲೆ ಮರ ಒಂದು ಹನಿ ಕೊಡುವುದಿಲ್ಲ. ಆದರೂ ಎಂಥ ಶ್ರದ್ಧೆ!

‘ಅವ್ವಾ! ಇದು ನಮ್ಮ ಸರ್ವೆ ಕಣವ್ವಾ! ಹಕ್ಕುಪತ್ರದ್ದು! ಬನ್ನಿ ಎಲ್ರೂ!’

ಯಾರೂ ಅಲ್ಲಾಡಲಿಲ್ಲ. ಹತ್ತಿರದ ಮರದ ಹಿಂದಿನಿಂದ ನೆರೆಯ ತಮಿಳು ಮನೆಯ ಸಾವಿತ್ರಮ್ಮ ಪಿಸುಗುಟ್ಟಿದಳು: ‘ಅಯ್ಯೋ ಕಡವುಳೇ, ಕೂಗಬ್ಯಾಡ್ವೋ! ಸಾಹೇಬ್ರು ಹೋಗ್ಲಿ ಆಮೇಲೆ ಮಾತಾಡು. ನೀನು ಯಾರು ಅಂತ ನಂಗೊತ್ತಿಲ್ಲ, ಹೋಗು!’

ದ್ಯಾಮಮ್ಮ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ‘ಗುರುವಾರ ಅಂದಿದ್ಯಲ್ಲೋ?’

‘ಇವತ್ತಿಗೆ ಬದಲಾಯ್ತು. ಗ್ರೂಪಿಗೆ ಹಾಕಿದ್ನಲ್ಲ.’

‘ಅದು ನೀನು ಹಾಕಿದ್ದಾ? ಕೋರ್ಟಿಂದ ನೋಟೀಸು ಬಂತು ಅಂತ ಎಲ್ರೂ ಮುಟ್ಟದೇ ಬಿಟ್ಟಿದೀವಿ!’ ಎಂದಳು. ‘ಜೀಪು ಕಾಣ್ತು. ಗುರುವಾರದ ಸರ್ವೆ ಆಗೋದ್ರೊಳಗೆ ಕಿತ್ತು ಹಾಕೋಕೆ ಬಂದ್ರು ಅನ್ಕೊಂಡೆ. ಗುರುವಾರದವರೆಗೆ ಮನೆ ಉಳಿಸ್ಕೊಬೇಕಲ್ಲಪ್ಪ, ಅದಕ್ಕೇ ಬಚ್ಚಿಟ್ಟೆ.’

ಕಾಂತರಾಜನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅವ್ವನನ್ನು ಕೈಹಿಡಿದು ಶೆಡ್ಡಿಗೆ ಎಳೆದುಕೊಂಡು ಹೋಗಿ ತಪ್ಪೆಲ್ಲ ತನ್ನದೆಂದು ಒದರಿಬಿಟ್ಟ. ಗಂಗಾಧರಪ್ಪನವರ ಮುಖಕ್ಕೆ ಕಳೆ ಬಂತು. ‘ಎಷ್ಟೊತ್ತಲ್ಲಿ ಬಿಚ್ಚಿದ್ರಿ ತಾಯಿ?’

‘ಹದಿನೆಂಟು ನಿಮಿಷ ಗಂಗಾಧರಪ್ಪನೋರೆ.’

‘ಹಾಗಾದ್ರೆ ವಾಪಸ್ ಕಟ್ಟಿ. ತಹಸೀಲ್ದಾರ್ರು ನೋಡ್ಲಿ!’

‘ಸಾರ್, ಬೇಜಾರು ಮಾಡ್ಕೋಬೇಡಿ’ ಎಂದರು ತಹಸೀಲ್ದಾರರು. ‘ನನ್ನ ಕಣ್ಣೆದುರಿಗೆ ಕಟ್ಟಿದ್ರೆ ಅದು ಇವತ್ತಿನ ಮನೆ. ಹಕ್ಕುಪತ್ರಕ್ಕೆ ಇವರು ವರ್ಷಗಟ್ಲೆಯಿಂದ ಇಲ್ಲೇ ಇದ್ರು ಅನ್ನೋದು ಬೇಕು. ನೋಡಿ ಈ ಫೈಲು. ಮೂವತ್ತೊಂದು ತಪಾಸಣೆ ಆಗಿದೆ. ಮೂವತ್ತೊಂದು ಸಲಾನೂ ‘ವಾಸ ಇರುವುದಿಲ್ಲ’. ಇದನ್ನ ಮೀರಿ ಬರೀಬೇಕಾದ್ರೆ ಒಂದು ಸಾಕ್ಷಿ ಬೇಡ್ವಾ?’

ದ್ಯಾಮಮ್ಮ ಫೈಲನ್ನು ನೋಡಿದಳು. ಓದು ಬಾರದು. ಆದರೆ ಮೂವತ್ತೊಂದು ಎಂಬ ಲೆಕ್ಕ ಅವಳ ಕಿವಿಗೆ ಚುಚ್ಚಿತು.

‘ಮೂವತ್ತೊಂದಲ್ಲ ಸಾಹೇಬ್ರೆ, ಮೂವತ್ಮೂರು.’

‘ಫೈಲಲ್ಲಿ ಮೂವತ್ತೊಂದೇ ಇದೆಯಮ್ಮ.’

‘ನಿಮ್ಮ ಫೈಲು ಏನಾದ್ರೂ ಹೇಳ್ಲಿ. ಒಲೆ ಕುಟ್ಟಿದೋಳು ನಾನು.’

ಅಷ್ಟು ಹೇಳಿ ಮೂಲೆಯ ಡ್ರಮ್ಮನ್ನು ಒಂದೇ ದೂಕಿಗೆ ಉರುಳಿಸಿದಳು. ಅದರ ಕೆಳಗೆ ಮೊಣಕಾಲೆತ್ತರದ ಮಣ್ಣಿನ ದಿಬ್ಬ, ಮೇಲೆ ಹಸಿ ಕೆಮ್ಮಣ್ಣು. ನೋಡಿದವರಿಗೆ ಅದು ಡ್ರಮ್ಮು ಇಡಲು ಮಾಡಿದ ಕಟ್ಟೆ. ‘ಪ್ರತಿ ಸಲ ಒಲೆ ಕುಟ್ಟಿ ಮಣ್ಣು ಮೆತ್ತೋದು. ಸಾಹೇಬ್ರು ಹೋದ್ಮೇಲೆ ಅದರ ಮೇಲೇ ಹೊಸ ಒಲೆ ಹಾಕೋದು. ಅಗೆಯೋಕೆ ಯಾರಿಗೆ ಪುರುಸೊತ್ತು? ಹಂಗೇ ಬೆಳೀತು’ ಎಂದಳು.

ಶೀತಲ್ ತಟ್ಟನೆ ಬಗ್ಗಿದಳು. ‘ಒಂದು ಹಾರೆ ಕೊಡಿ ಯಾರಾದ್ರೂ!’

ಹಾರೆ ಹಿಡಿದು ದಿಬ್ಬದ ಒಂದು ಮಗ್ಗುಲನ್ನು ಮೇಲಿನಿಂದ ಕೆಳಗೆ ನೇರವಾಗಿ ಕೊಯ್ದಳು. ಒಳಗೆ ಚಿರೋಟಿಯ ಎಸಳಿನಂತೆ ಸಾಲು ಸಾಲು: ಕೆಂಪು ಮಣ್ಣು, ಬೂದಿ, ಕೆಂಪು ಮಣ್ಣು, ಬೂದಿ. ಒಂದೊಂದು ಜೋಡಿಯೂ ಬೆರಳು ದಪ್ಪ. ನಡುವೆ ಸುಟ್ಟ ಕಡ್ಡಿ, ಮೀನಿನ ಮುಳ್ಳು, ಒಂದು ಕಡೆ ಒಡೆದ ಗಾಜಿನ ಬಳೆ.

‘ಹಸಿಯಾಗಿರೋದು ಇವತ್ತಿಂದು, ಅದನ್ನ ಬಿಡಿ’ ಎಂದು ಶೀತಲ್ ಪೆನ್ನಿನ ತುದಿಯಿಂದ ಎಣಿಸತೊಡಗಿದಳು. ಹತ್ತು. ಹದಿನೈದು. ಮರಗಳ ಹಿಂದಿನಿಂದ ಜನ ಒಬ್ಬೊಬ್ಬರಾಗಿ ಬಂದು ಬಾಗಿಲಿಗೆ ಮುತ್ತಿದರು. ಇಪ್ಪತ್ತು. ತಹಸೀಲ್ದಾರರೂ ಮಂಡಿಯೂರಿ ಕೂತಿದ್ದರು. ಇಪ್ಪತ್ತೆಂಟು. ಕಾಂತರಾಜನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಮೂವತ್ತೊಂದು.

‘ಇನ್ನೂ ಇದೆ’ ಎಂದಳು ಶೀತಲ್. ‘ಮೂವತ್ತೆರಡು... ಮೂವತ್ಮೂರು. ಇದರ ಕೆಳಗೆ ನೆಲ.’

‘ಎರಡು ಜಾಸ್ತಿ ಬಂತಲ್ಲಮ್ಮ?’ ತಹಸೀಲ್ದಾರರ ದನಿಯಲ್ಲಿ ಈಗ ಅನುಮಾನ ಇರಲಿಲ್ಲ, ಕುತೂಹಲ ಇತ್ತು.

‘ಎರಡು ಸಲ ಸುಳ್ಳು ಸುದ್ದಿ ಸಾಹೇಬ್ರೆ. ಒಂದ್ಸಲ ಸಕ್ರೆಬೈಲಿಗೆ ಆನೆ ನೋಡೋಕೆ ಹೊರಟಿದ್ದ ಜೀಪು ದಾರಿ ತಪ್ಪಿ ಬಂದಿತ್ತು. ಇನ್ನೊಂದ್ಸಲ ಮದುವೆ ದಿಬ್ಬಣ. ಮದುಮಗ ಬಂದು ನೀರು ಕೇಳಿದ, ಕೊಡೋಕೆ ಒಂದು ಲೋಟ ಹೊರಗಿರ್ಲಿಲ್ಲ!’

ಶೆಡ್ಡಿನ ತಗಡು ಹಾರಿಹೋಗುವಂತೆ ಎಲ್ಲರೂ ನಕ್ಕರು. ತಹಸೀಲ್ದಾರರು ನಗುತ್ತಲೇ ಫೈಲು ತೆರೆದು ತಪಾಸಣೆಯ ದಿನಾಂಕಗಳ ಮೇಲೆ ಬೆರಳಾಡಿಸಿದರು. ಒಂದೊಂದು ದಿನಾಂಕಕ್ಕೂ ಎದುರಿಗೆ ಒಂದೊಂದು ಪದರ ಕೂತಿತ್ತು. ಉಳಿದ ಮನೆಗಳ ಡ್ರಮ್ಮುಗಳನ್ನೂ ಸರಿಸಿ ನೋಡಿದರು. ಸಾವಿತ್ರಮ್ಮನದು ಇಪ್ಪತ್ತೊಂಬತ್ತು ಪದರ, ಅವಳು ಬಂದದ್ದು ತಡವಾಗಿ. ಹೊಸದಾಗಿ ಮದುವೆಯಾದವರದು ಎರಡೇ. ಬಂದ ವರ್ಷವನ್ನು ಯಾರು ಬಾಯಲ್ಲಿ ಏನೇ ಹೇಳಲಿ, ಒಲೆ ಸುಳ್ಳಾಡುತ್ತಿರಲಿಲ್ಲ.

‘ಬರೀರಿ ಶೀತಲ್’ ಎಂದರು ತಹಸೀಲ್ದಾರರು. ‘ಇಪ್ಪತ್ತೊಂಬತ್ತು ಕುಟುಂಬಗಳು ಇಲ್ಲಿ ದೀರ್ಘಕಾಲದಿಂದ ವಾಸವಿದ್ದಾರೆ. ಒಲೆಗಳ ಫೋಟೋ ಲಗತ್ತಿಸಿ. ಒಂದೊಂದು ಮನೆದೂ ಅಳತೆ ತಗೊಳ್ಳಿ, ಇವತ್ತೇ ಮಹಜರು.’

ಮೊದಲು ಕೂಗಿದವರು ಯಾರೋ ಗೊತ್ತಿಲ್ಲ. ಸಿಳ್ಳೆ ಬಿತ್ತು, ಹಳ್ಳದಿಂದ ಮಕ್ಕಳು ಕೋಳಿಗಳ ಸಮೇತ ನುಗ್ಗಿ ಬಂದರು. ಗಂಗಾಧರಪ್ಪನವರು ಉರುಳಿದ ಡ್ರಮ್ಮಿನ ಮೇಲೆ ಕೂತು ಕನ್ನಡಕ ಒರೆಸಿಕೊಂಡರು. ತಟ್ಟಿಗಳು ತೊಲೆಯಿಂದ ಇಳಿದವು, ಶೀಟುಗಳು ಹೊರಗೆ ಹೋಗಿ ಬಿದ್ದವು. ಊರು ಮತ್ತೆ ಎದ್ದು ನಿಂತಿತು.

ಶೀತಲ್ ಟೇಪಿನ ಒಂದು ತುದಿಯನ್ನು ಕಾಂತರಾಜನ ಕೈಗೆ ಕೊಟ್ಟಳು. ‘ಮೊದಲನೇ ಮನೆ ದ್ಯಾಮಮ್ಮಂದು. ಎಲ್ಲಿವರೆಗಮ್ಮ ನಿಮ್ದು?’

‘ಆ ಬಚ್ಚಲು ಕಲ್ಲಿನ ಆಚೆ ತುದಿವರೆಗೆ’ ಎಂದಳು ದ್ಯಾಮಮ್ಮ.

‘ಏನಕ್ಕಾ?’ ಎಂದು ಸಾವಿತ್ರಮ್ಮ ತಟ್ಟಿಯನ್ನು ಕೆಳಗಿಟ್ಟಳು. ‘ಬಚ್ಚಲು ಕಲ್ಲು ನಮ್ಮನೆಯವ್ರು ಹೊತ್ಕೊಂಬಂದು ಹಾಕಿದ್ದು!’

‘ಹಾಕಿದ್ದು ನಿಮ್ಮನೆಯವ್ರು, ಜಾಗ ಬಿಟ್ಟಿದ್ದು ನಾನು. ಪಾಪ ಬಸುರಿ ಅಂತ.’

‘ಯಾವಾಗಿನ ಬಸುರಿ? ಆ ಮಗೀಗೆ ಈಗ ಎರಡು ಮಕ್ಕಳು!’

ಇಷ್ಟು ವರ್ಷ ಒಂದೇ ಮೆಣಸಿನಕಾಯನ್ನು ಮುರಿದು ಹಂಚಿಕೊಂಡವರು. ಒಬ್ಬರ ಬಾಣಂತನ ಇನ್ನೊಬ್ಬರು ಮಾಡಿದವರು. ಕಾಂತರಾಜ ಜೀವಮಾನದಲ್ಲಿ ಇವರ ಜಗಳ ನೋಡಿರಲಿಲ್ಲ. ಅವನು ಟೇಪು ಹಿಡಿದು ಕಲ್ಲಿನ ಈಚೆಗೊಮ್ಮೆ, ಆಚೆಗೊಮ್ಮೆ ಕಾಲಿಟ್ಟ. ಎರಡೂ ಕಡೆಯಿಂದ ಬೈಗುಳ ಬಂತು.

‘ಅವ್ವ, ಎರಡಡಿ ತಾನೇ, ಬಿಡು...’

‘ಬಿಡ್ಬೇಕಂತೆ! ನಮ್ಮದು ಅಂತ ಒಂದು ಅಡಿ ಇರ್ಲಿಲ್ಲ ಕಣೋ ಇಷ್ಟು ದಿನ. ಇವತ್ತು ಎರಡಡಿಗೆ ಜಗಳ ಆಡೋ ಯೋಗ ಬಂದಿದೆ, ಆಡ್ಬಾರ್ದಾ?’

‘ನಾನೂ ಬಿಡಲ್ಲ!’ ಎಂದಳು ಸಾವಿತ್ರಮ್ಮ. ಅವಳ ಕಣ್ಣಿನಲ್ಲಿ ನೀರಿತ್ತು, ತುಟಿಯಲ್ಲಿ ನಗು ತಡೆಯಲಾರದೆ ಕುಣಿಯುತ್ತಿತ್ತು.

ತಹಸೀಲ್ದಾರರು ರಾಜಿ ಮಾಡಿಸಲು ಎದ್ದರು. ಗಂಗಾಧರಪ್ಪನವರು ಕೂತಲ್ಲಿಂದಲೇ ಅವರ ತೋಳು ಹಿಡಿದೆಳೆದರು.

‘ಸ್ವಾಮಿ, ಸುಮ್ನಿರಿ! ಆ ಜಗಳಾನೂ ಮಹಜರಲ್ಲಿ ಬರೀರಿ. ಒಂದನೇ ಮನೆಗೂ ಎರಡನೇ ಮನೆಗೂ ಬಚ್ಚಲು ಕಲ್ಲಿನ ವಿಚಾರದಲ್ಲಿ ಗಡಿ ತಕರಾರು ಇರುತ್ತದೆ. ಹಂಗಂತ ಬರೆದಾದ್ಮೇಲೆ ಮನೇನೇ ಇಲ್ಲ ಅಂತ ಯಾರು ಎದ್ದು ನಿಂತು ಹೇಳ್ತಾರೋ ನಾನೂ ನೋಡ್ತೀನಿ.’

ಶೀತಲ್ ಬರೆದುಕೊಂಡಳು. ದ್ಯಾಮಮ್ಮ ಕಲ್ಲಿನ ಮೇಲೆ ಒಂದು ಕಾಲಿಟ್ಟು ನಿಂತಳು, ಸಾವಿತ್ರಮ್ಮ ಇನ್ನೊಂದು ತುದಿಯ ಮೇಲೆ. ನಡುವೆ ಕಾಂತರಾಜ, ಕೈಯಲ್ಲಿ ಟೇಪು.

‘ಬಿಗಿಯಾಗಿ ಹಿಡ್ಕೊಳ್ಳಿ’ ಎಂದಳು ಶೀತಲ್. ‘ಇನ್ನೂ ಇಪ್ಪತ್ತೆಂಟು ಮನೆ ಇದೆ.’